ಮುಗಿದ ದೂರುಗಳಿಗೂ ಒಂದು ರೆಕಾರ್ಡ್ ರೂಮ್ ಬೇಕು

ಮಾನ್ಯ ಸಂಪಾದಕರೇ,

ಮಾದಾಪುರದ ನಮ್ಮ ಮನೆಗೆ ಇಂಟರ್‌ನೆಟ್ ಕೇಬಲ್ ಬರುವುದು ಪಕ್ಕದ ತೋಟದ ಸಿಲ್ವರ್ ಮರಗಳ ಸಾಲಿನಲ್ಲಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಗಾಳಿಮಳೆಗೆ ಕೊಂಬೆ ಮುರಿದರೆ ಕೇಬಲ್ ತುಂಡು. ಐದು ಮಳೆಗಾಲದಲ್ಲಿ ಹನ್ನೊಂದು ಸಲ ದೂರು ಕೊಟ್ಟಿದ್ದೇನೆ. ಹುಡುಗರು ಮಳೆಯಲ್ಲೇ ಬಂದು ಜೋಡಿಸಿಕೊಟ್ಟಿದ್ದಾರೆ, ಅವರ ಮೇಲೆ ನನಗೆ ಬೇಸರವಿಲ್ಲ. ಮರದ ಸಾಲು ಬಿಟ್ಟು ರಸ್ತೆ ಬದಿಯಲ್ಲಿ ಎಳೆಯಿರಿ ಎಂದು ಕೇಳಲು ಕಳೆದ ತಿಂಗಳು ಕಂಪನಿಯ ಕಚೇರಿಗೆ ಹೋದೆ.

ಕೌಂಟರ್‌ನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಆಂಟಿ, ನಿಮ್ಮ ನಂಬರಿಗೆ ಒಂದೇ ಕಂಪ್ಲೇಂಟ್ ತೋರಿಸ್ತಾ ಇದೆ. ಒಂದು ಸಲ ಕಟ್ ಆಗಿದ್ದಕ್ಕೆ ಲೈನ್ ಬದಲಾಯಿಸೋಕೆ ಮೇಲಿನವರು ಒಪ್ಪಲ್ಲ" ಎಂದಳು. ಉಳಿದ ಹತ್ತು ಎಲ್ಲಿ ಹೋದವು? ಹೋದ ವರ್ಷ ಹೊಸ ಸಾಫ್ಟ್‌ವೇರ್ ಹಾಕಿದರಂತೆ. ಹಳೆಯದನ್ನೆಲ್ಲ ತುಂಬಿದರೆ ನಿಧಾನವಾಗುತ್ತದೆಂದು ಮುಗಿದ ದೂರುಗಳನ್ನು ಅದಕ್ಕೆ ತರಲೇ ಇಲ್ಲ. ಬ್ಯಾಕಪ್ ಇದೆ, ಆದರೆ ತೆರೆಯಲು ಹಳೆಯ ಸಾಫ್ಟ್‌ವೇರೇ ಬೇಕು, ಅದರ ಲೈಸೆನ್ಸ್ ಮುಗಿದಿದೆ.

ನಾನು ಸಹಕಾರ ಸಂಘವೊಂದರಲ್ಲಿ 31 ವರ್ಷ ಗುಮಾಸ್ತೆಯಾಗಿದ್ದವಳು. ಕಡತ ಬೆಳೆಯುವ ಕಷ್ಟ ನನಗೆ ಗೊತ್ತು. ನಮ್ಮ ಮಳೆಗೆ ರೆಕಾರ್ಡ್ ರೂಮಿನ ಕಟ್ಟುಗಳಿಗೆ ಬೂಷ್ಟು ಹಿಡಿಯದಂತೆ ಕಾಯುವುದೇ ಒಂದು ಕೆಲಸ. ಬಿಸಿಲು ಕಂಡ ದಿನ ಜಗಲಿಯಲ್ಲಿ ಹರಡುತ್ತಿದ್ದೆವು. ಆದರೂ ಹತ್ತು ವರ್ಷದ ಹಿಂದಿನ ಅರ್ಜಿ ಕೇಳಿ ಬಂದವರನ್ನು 'ಇಲ್ಲ' ಎಂದು ಕಳಿಸಿದ್ದು ನನಗೆ ನೆನಪಿಲ್ಲ. ಕಟ್ಟು ಒಳಕೋಣೆಯಲ್ಲಿದ್ದರೂ ಅದರ ಸೂಚಿ ಪುಸ್ತಕ ನನ್ನ ಮೇಜಿನ ಮೇಲೇ ಇರುತ್ತಿತ್ತು. ಸರ್ಕಾರಿ ಕಚೇರಿಗಳಲ್ಲಿ ಕಡತಗಳಿಗೆ ವರ್ಗವೇ ಇದೆ: ಎ ಎಂದರೆ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ ಒಂದು ವರ್ಷ. ಎಷ್ಟು ಕಾಲ ಇಡಬೇಕೆಂಬುದನ್ನು ಕಡತ ಮುಗಿಸುವಾಗಲೇ ಬರೆದಿಡುತ್ತಾರೆ. ಆಮೇಲೆ ಜಾಗ ಸಾಲದೆಂದು ಯಾರೋ ಒಬ್ಬರು ಮನಸ್ಸಿಗೆ ಬಂದಂತೆ ತೆಗೆದುಹಾಕುವಂತಿಲ್ಲ.

ಬೆಂಗಳೂರಿನಲ್ಲಿ ಗ್ರಾಹಕ ಸೇವೆಯ ಕೆಲಸದಲ್ಲಿರುವ ನನ್ನ ತಂಗಿಯ ಮಗನನ್ನು ಕೇಳಿದೆ. ಲಕ್ಷಗಟ್ಟಲೆ ದೂರುಗಳು ಒಂದೇ ಪಟ್ಟಿಯಲ್ಲಿದ್ದರೆ ಹುಡುಕಾಟ ನಿಧಾನವಾಗುವುದು ನಿಜವಂತೆ. ಅದಕ್ಕೆ ದಾರಿಯೂ ಇದೆ. ಝೆನ್‌ಡೆಸ್ಕ್ ಎಂಬ ಸಾಫ್ಟ್‌ವೇರ್‌ನಲ್ಲಿ ದೂರು ಪೂರ್ತಿ ಮುಚ್ಚಿ 120 ದಿನವಾದ ಮೇಲೆ ಅದು ಬೇರೆ ಸಂಗ್ರಹಕ್ಕೆ ಹೋಗುತ್ತದೆ. ದಿನದ ಪಟ್ಟಿಯಲ್ಲಿ ಕಾಣುವುದಿಲ್ಲ, ಹುಡುಕಿದರೆ ಮಾತ್ರ ಸಿಗುತ್ತದೆ. ಹೆಚ್ಚು ಜಾಗ ತಿನ್ನುವುದು ಫೋಟೊ ಮತ್ತು ಲಗತ್ತುಗಳು. ಅವನ್ನು ಅಗ್ಗದ ಸಂಗ್ರಹದಲ್ಲಿಟ್ಟು, ಗ್ರಾಹಕರ ನಂಬರ್, ತಾರೀಕು, ಜಾಗ, ಏನಾಗಿತ್ತು ಎಂಬ ಒಂದು ಸಾಲನ್ನು ಕೌಂಟರ್‌ಗೆ ಕಾಣುವಂತೆ ಉಳಿಸಬಹುದು. ಸಾಫ್ಟ್‌ವೇರ್ ಬದಲಿಸುವ ಮೊದಲು ಹಳೆಯದನ್ನು ಯಾವ ಕಂಪ್ಯೂಟರ್ ಬೇಕಾದರೂ ಓದುವ ಸಾದಾ ಪಟ್ಟಿಯಾಗಿ ತೆಗೆದಿಡಬೇಕು. ತೆರೆಯಲಾಗದ ಬ್ಯಾಕಪ್ ಎಂದರೆ ಬೀಗದ ಕೈ ಕಳೆದ ರೆಕಾರ್ಡ್ ರೂಮೇ ತಾನೆ?

ನನ್ನ ಹನ್ನೊಂದು ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರೆ ಎಲ್ಲವೂ ಅದೇ ನಾಲ್ಕು ಮರಗಳ ಕೆಳಗಿನದೆಂದು ಯಾರಿಗಾದರೂ ತಿಳಿಯುತ್ತಿತ್ತು. ಬಿಡಿಬಿಡಿಯಾಗಿ ನೋಡಿದ್ದರಿಂದ ಹನ್ನೊಂದು ಸಲ ಜೋಡಿಸುವ ಖರ್ಚು ಕಂಪನಿಗೇ ಬಿತ್ತು.

ರಸೀದಿ, ಮೆಸೇಜುಗಳನ್ನು ಗ್ರಾಹಕರೇ ಇಟ್ಟುಕೊಳ್ಳಲಿ ಎನ್ನುವವರಿದ್ದಾರೆ. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಲಿನ ಗುಡ್ಡಗಳು ಜರಿದಾಗ ಮನೆಯೊಂದಿಗೆ ಕಾಗದಪತ್ರಗಳೂ ಮಣ್ಣಾದವು. ಅಂಥವರಿಗೆ ಕಚೇರಿಯಲ್ಲಿರುವ ದಾಖಲೆಯೇ ಆಧಾರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ ಎರಡು ವರ್ಷದ ಅವಧಿಯಿದೆ. ಕಂಪನಿಯ ಕಂಪ್ಯೂಟರ್‌ನಲ್ಲಿ ಒಂದೇ ವರ್ಷದ್ದು ಕಂಡರೆ ನಾವು ಏನನ್ನು ತೋರಿಸಬೇಕು?

ಎಲ್ಲವನ್ನೂ ಕೊನೆಯಿಲ್ಲದೆ ಇಡಿ ಎಂದು ನಾನು ಹೇಳುತ್ತಿಲ್ಲ. ಸಂಪರ್ಕ ಕೊಡುವಾಗ ಪಡೆದ ಆಧಾರ್ ಪ್ರತಿಯಂಥವನ್ನು ಕೆಲಸ ಮುಗಿದ ಮೇಲೆ ಅಳಿಸಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ. ನನಗೆ ಸಂಕಟವಾದದ್ದು ಇಲ್ಲೇ. ನನ್ನ ಗುರುತಿನ ಚೀಟಿಯ ಪ್ರತಿ ಹೊಸ ಸಾಫ್ಟ್‌ವೇರ್‌ಗೆ ಭದ್ರವಾಗಿ ಬಂದಿದೆ, ದೂರುಗಳು ಬಂದಿಲ್ಲ.

ಜಿಲ್ಲೆಯಲ್ಲಿ ಸೇವೆ ಕೊಡುವ ಪ್ರತಿ ಸಂಸ್ಥೆಯೂ ದೂರುಗಳನ್ನು ಎಷ್ಟು ವರ್ಷ ಇಡುತ್ತೇವೆ, ಹಳೆಯದು ಬೇಕಾದರೆ ಯಾರನ್ನು ಕೇಳಬೇಕು ಎಂಬುದನ್ನು ಕೌಂಟರ್‌ನಲ್ಲಿ ಬರೆದು ಹಾಕಬೇಕೆಂದು ಒತ್ತಾಯಿಸುತ್ತೇನೆ. ಹನ್ನೊಂದೂ ದೂರಿನ ನಂಬರ್‌ಗಳು ನನ್ನ ಡೈರಿಯ ಕೊನೆಯ ಪುಟದಲ್ಲಿದ್ದವು. ಅವನ್ನು ಅರ್ಜಿಯಲ್ಲಿ ಬರೆದು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಮುಂಗಾರು ಹಿಡಿಯುವ ಮೊದಲು ಉತ್ತರ ಬೇಕು.

– ನಿವೃತ್ತ ಗುಮಾಸ್ತೆ, ಮಾದಾಪುರ, ಸೋಮವಾರಪೇಟೆ ತಾಲ್ಲೂಕು