ನಾಯಿಯ ಕೂಗಿಗೆ ಸರಪಳಿ ಮದ್ದಲ್ಲ

ಮಾನ್ಯರೇ,

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಕೂಡಲೇ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಾಕುನಾಯಿಗಳ ಮೇಲಿನ ದೂರುಗಳೂ ಶುರುವಾಗುತ್ತವೆ. ಎರಡು ತಿಂಗಳು ಮಕ್ಕಳ ಜೊತೆಗೇ ಇದ್ದ ನಾಯಿ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ದಿನವಿಡೀ ಒಂಟಿ. ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ, ಹಾಲ್‌ನಲ್ಲೇ ಗಲೀಜು ಮಾಡುತ್ತದೆ. ಸಂಘದವರು ನೋಟಿಸ್ ಕೊಡುತ್ತಾರೆ, ಮನೆಯವರು ಹೆದರಿ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕುತ್ತಾರೆ. ಆದರೂ ಕೂಗು ನಿಲ್ಲುವುದಿಲ್ಲ. ಅದು ತಂಟೆಯಲ್ಲ, ದಿಗಿಲು.

ದಿಗಿಲೋ ಬೇಸರವೋ ಎಂದು ಮೊದಲು ತಿಳಿಯಬೇಕು. ಹಳೆಯ ಮೊಬೈಲ್ ಒಂದನ್ನು ಕಪಾಟಿನ ಮೇಲಿಟ್ಟು, ವಿಡಿಯೊ ಆನ್ ಮಾಡಿ ಹೊರಡಿ. ದಿಗಿಲುಬಿದ್ದ ನಾಯಿ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಗೊತ್ತಾಗುತ್ತದೆ: ಅತ್ತಿಂದಿತ್ತ ಓಡಾಟ, ಏದುಸಿರು, ಸುರಿಯುವ ಜೊಲ್ಲು, ನೀವು ಹೋದ ಬಾಗಿಲನ್ನೇ ಕೆರೆಯುವುದು, ಕಚ್ಚುವುದು. ಇಷ್ಟದ ತಿಂಡಿ ಇಟ್ಟುಹೋದರೂ ಮೂಸುವುದಿಲ್ಲ. ನೀವು ಮರಳಿ ಒಳಗೆ ಕಾಲಿಟ್ಟ ಮೇಲೆ ಗಬಗಬ ತಿನ್ನುತ್ತದೆ. ಎರಡು ಮೂರು ತಾಸು ಹಾಯಾಗಿ ಮಲಗಿದ್ದು ಆಮೇಲೆ ಚಪ್ಪಲಿ ಹರಿದರೆ ಅದು ಬರೀ ಬೇಸರ. ಅಂಥ ನಾಯಿಗೆ ಬೆಳಿಗ್ಗೆ ಅರ್ಧ ಮುಕ್ಕಾಲು ಗಂಟೆ ಮೂಸುತ್ತಾ ಅಡ್ಡಾಡುವ ಅವಕಾಶ ಬೇಕು. ಜೊತೆಗೆ ಟೊಳ್ಳು ರಬ್ಬರ್ ಆಟಿಕೆಯೊಳಗೆ ಮೊಸರನ್ನ ತುಂಬಿ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಕೊಟ್ಟರೆ ಬಹಳ ಹೊತ್ತು ನೆಕ್ಕುತ್ತಾ ಕೂರುತ್ತದೆ. ಒಗ್ಗರಣೆ, ಈರುಳ್ಳಿ ಬೇಡ. ದ್ರಾಕ್ಷಿ, ಒಣದ್ರಾಕ್ಷಿಯಂತೂ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಮನೆಯಲ್ಲಿ ಜನರಿದ್ದಾಗಲೂ ಒಳಗೇ ಮೂತ್ರ ಮಾಡುತ್ತಿದ್ದರೆ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ.

ದಿಗಿಲಿನ ಚಿಕಿತ್ಸೆ ಶುರುವಾಗುವುದು ಗಂಟೆಗಳಿಂದಲ್ಲ, ಸೆಕೆಂಡುಗಳಿಂದ. ಬೀಗದ ಕೈ ಸದ್ದು, ಶೂ, ಟಿಫಿನ್ ಬ್ಯಾಗು ಕಂಡರೇ ಎಷ್ಟೋ ನಾಯಿಗಳಿಗೆ ನಡುಕ. ಹಾಗಾಗಿ ಬೀಗದ ಕೈ ಎತ್ತಿಕೊಂಡು ಸೋಫಾದಲ್ಲಿ ಕೂರಿ. ಶೂ ಹಾಕಿಕೊಂಡು ಅಡುಗೆಮನೆಗೆ ಹೋಗಿ. ಇವಕ್ಕೆಲ್ಲ ನಾಯಿ ತಲೆ ಎತ್ತದಷ್ಟು ನಿರಾಳವಾದ ಮೇಲೆ ಬಾಗಿಲು ತೆರೆದು ಮತ್ತೆ ಮುಚ್ಚಿ. ನಂತರ ಹೊರಗೆ ನಿಂತು ಐದು ಸೆಕೆಂಡಿಗೆ ಮರಳಿ. ಆಮೇಲೆ ಹತ್ತು, ಏಳು, ಹದಿನೈದು, ಹೀಗೆ ಏರುಪೇರು ಮಾಡುತ್ತಾ ಹೋಗಿ. ಪ್ರತಿಸಲವೂ ಹೆಚ್ಚಾಗುತ್ತಲೇ ಹೋದರೆ ನಾಯಿ ಅದನ್ನೂ ಲೆಕ್ಕ ಹಾಕುತ್ತದೆ! ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷದ ಅಭ್ಯಾಸ ಸಾಕು. ನಾಯಿ ಆಕಳಿಸುತ್ತಾ ತುಟಿ ನೆಕ್ಕುತ್ತಿದ್ದರೆ, ಬಾಗಿಲ ಬಳಿ ಕುಂಯ್‌ಗುಟ್ಟಿದರೆ ನೀವು ಮಿತಿ ದಾಟಿದ್ದೀರಿ. ಮರುದಿನ ಅರ್ಧಕ್ಕೆ ಇಳಿಸಿ. ಮೊದಲ ಅರ್ಧ ಗಂಟೆ ತಲುಪುವುದೇ ಕಷ್ಟ, ವಾರಗಟ್ಟಲೆ ಹಿಡಿಯುತ್ತದೆ. ಆಮೇಲೆ ಸಮಯವನ್ನು ದೊಡ್ಡ ದೊಡ್ಡ ಅಂತರದಲ್ಲೇ ಹೆಚ್ಚಿಸಬಹುದು.

ಬಹುತೇಕರು ಸೋಲುವುದು ಇಲ್ಲೇ: ಸಂಜೆ ಎರಡು ನಿಮಿಷ ಅಭ್ಯಾಸ ಮಾಡಿಸಿ, ಬೆಳಿಗ್ಗೆ ಎಂಟು ತಾಸಿನ ಮಟ್ಟಿಗೆ ಒಂಟಿಯಾಗಿ ಬಿಟ್ಟುಹೋಗುತ್ತಾರೆ. ಒಂದು ದಿನದ ದಿಗಿಲು ವಾರದ ಪಾಠವನ್ನು ಅಳಿಸಿಬಿಡುತ್ತದೆ. ಕಲಿಕೆ ಮುಗಿಯುವವರೆಗೆ ಅಜ್ಜ ಅಜ್ಜಿಯೋ ಪಕ್ಕದ ಮನೆಯವರೋ ಯಾರಾದರೂ ಜೊತೆಗಿರಬೇಕು. ಇಲ್ಲವಾದರೆ ಡೇ ಕೇರ್, ಅಥವಾ ಗಂಡ ಹೆಂಡತಿ ಬೇರೆ ಬೇರೆ ದಿನ ಮನೆಯಿಂದಲೇ ಕೆಲಸ ಮಾಡುವ ಏರ್ಪಾಡು. ಖರ್ಚಿನ ಮಾತು, ನಿಜ. ಆದರೆ ಅಡ್ಡದಾರಿ ಇಲ್ಲ.

ಅಡ್ಡದಾರಿ ಎಂದು ಮಾರಾಟವಾಗುವವು ಹಲವಿವೆ. ಬೋನಿನಲ್ಲಿ ಕೂಡಿದರೆ ದಿಗಿಲಿನ ನಾಯಿ ಉಗುರು ಕಿತ್ತುಕೊಳ್ಳುತ್ತದೆ, ಹಲ್ಲು ಮುರಿದುಕೊಳ್ಳುತ್ತದೆ. ಕರೆಂಟಿನ ಕಾಲರ್ ಬೊಗಳುವುದನ್ನು ನಿಲ್ಲಿಸಬಹುದು, ಭಯ ಒಳಗೇ ಬೆಳೆಯುತ್ತದೆ. ಬಾಲ್ಕನಿಯಲ್ಲಿ ಬಿಸಿಲು ತಿರುಗುತ್ತದೆ, ನೀರಿನ ಬಟ್ಟಲು ಮಗುಚುತ್ತದೆ, ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದು ನಾಯಿ ತಂದರೂ ಹೆಚ್ಚಾಗಿ ಪ್ರಯೋಜನವಿಲ್ಲ. ಈ ನಾಯಿಗೆ ಬೇಕಾದದ್ದು ಮನುಷ್ಯರು. ಮನೆಗೆ ಬಂದು ಬೈದಾಗ ಅದು ಕಿವಿ ಮಡಚಿ ಕೂರುವುದು ತಪ್ಪು ಒಪ್ಪಿಕೊಂಡಲ್ಲ, ನಿಮ್ಮ ದನಿಗೆ ಹೆದರಿ.

ತೀವ್ರವಾದ ಪ್ರಕರಣಗಳಲ್ಲಿ ಪಶುವೈದ್ಯರು ಆತಂಕ ತಗ್ಗಿಸುವ ಫ್ಲೂಆಕ್ಸೆಟಿನ್ ಅಥವಾ ಕ್ಲೊಮಿಪ್ರಮಿನ್ ಮಾತ್ರೆ ಬರೆದುಕೊಡುವುದುಂಟು. ಇವು ನಿದ್ದೆ ಮಾತ್ರೆಗಳಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ತರಬೇತಿಯೂ ಜೊತೆಗೇ ನಡೆಯಬೇಕು. ಮನೆಯಲ್ಲಿ ಯಾರಿಗೋ ಬರೆದ ಮಾತ್ರೆಯನ್ನು ಅಂದಾಜಿಗೆ ಮುರಿದು ಕೊಡಬಾರದು.

ಕಟ್ಟಿಹಾಕುವವರು ಕಾನೂನನ್ನೂ ತಿಳಿದಿರಲಿ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಡುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಮಾಲೀಕರು ಅಡ್ಡಾಡಿಸದಿರುವುದೂ ಅಪರಾಧವೇ. ನಿವಾಸಿಗಳ ಸಂಘಗಳಲ್ಲಿ ಒಂದು ಕೋರಿಕೆ: ನೋಟಿಸಿನಲ್ಲಿ ‘ನಾಯಿ ಕಾಟ’ ಎಂದಷ್ಟೇ ಬರೆಯುವ ಬದಲು, ಕೂಗು ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ನಿಂತಿತು ಎಂದು ಬರೆದುಕೊಡಿ. ದಿನವಿಡೀ ಮನೆಯಲ್ಲಿಲ್ಲದ ಮಾಲೀಕರಿಗೂ ಅವರ ಪಶುವೈದ್ಯರಿಗೂ ಬೇಕಾದ ಮಾಹಿತಿ ಅದೇ.

– ನಾಯಿ ತರಬೇತುದಾರರು, ಮೈಸೂರು