ಊರಿದ ಕಾಲಿಗೆ ಆಸರೆಯಾದವರಿಗೆ

ಕಳೆದ ಭಾನುವಾರ ಟೇಕ್ವಾಂಡೊ ಸ್ಪರ್ಧೆಯೊಂದರಲ್ಲಿ ಎರಡೆರಡು ನಿಮಿಷಗಳ ಮೂರು ಸುತ್ತುಗಳನ್ನೂ ಪೂರ್ತಿಯಾಗಿ ಆಡಿದೆ. ಕೊನೆಯ ಸುತ್ತು ಕೈತಪ್ಪಿತಾದರೂ, ಹನ್ನೊಂದು ತಿಂಗಳ ನಂತರ ಕುಂಟದೆ ಮ್ಯಾಟಿನಿಂದ ಇಳಿದು ಬಂದದ್ದೇ ನನಗೆ ದೊಡ್ಡದು. ಅದಕ್ಕೆ ಕಾರಣರಾದವರನ್ನು ಇಲ್ಲಿ ನೆನೆಯಬೇಕು.

ನನ್ನ ಎಡಗಾಲು ಎರಡು ವರ್ಷಗಳಲ್ಲಿ ಮೂರು ಸಲ ಉಳುಕಿತ್ತು. ಮೊದಲ ಸಲ, ಒದ್ದ ಕಾಲನ್ನು ಇಳಿಸುವಾಗ ಎದುರಾಳಿಯ ಪಾದದ ಮೇಲಿಟ್ಟು ಹೊರಳಿಸಿಕೊಂಡಿದ್ದೆ. ಎರಡನೆಯದು ದೊಲ್ಯೊ ಚಾಗಿಗೆಂದು, ಅಂದರೆ ಮೈ ತಿರುಗಿಸಿ ಬದಿಯಿಂದ ಬೀಸಿ ಒದೆಯುವ ಒದೆತಕ್ಕೆಂದು, ಅದೇ ಕಾಲಿನ ಮೇಲೆ ತಿರುಗುವಾಗ ಆಯಿತು. ಮೂರನೆಯದು, ಹೇಳಲು ನಾಚಿಕೆ, ಬಸ್ ನಿಲ್ದಾಣದ ಮೆಟ್ಟಿಲಿಳಿಯುವಾಗ. ಪ್ರತಿಸಲವೂ ಬಾವು ಇಳಿದೊಡನೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಅಭ್ಯಾಸಕ್ಕೆ ಹೋಗಿದ್ದೆ. ಆಗ ಕಲಿಯುತ್ತಿದ್ದ ಕಡೆ "ಬಿಗಿಯಾಗಿ ಕಟ್ಟಿಕೊಂಡು ಆಡು" ಎಂಬುದೇ ಚಿಕಿತ್ಸೆಯಾಗಿತ್ತು. ಅವಸರ ನನ್ನದೂ ಆಗಿದ್ದುದರಿಂದ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಲಾರೆ.

ಮೊದಲ ಕೃತಜ್ಞತೆ ನನ್ನ ಫಿಸಿಯೋಥೆರಪಿಸ್ಟ್ ಅವರಿಗೆ. ಮೊದಲ ದಿನವೇ ಅವರು ಕಣ್ಣು ಮುಚ್ಚಿ ಎಡಗಾಲಿನ ಮೇಲೆ ನಿಲ್ಲುವಂತೆ ಹೇಳಿದರು. ತಲೆಯೆತ್ತರಕ್ಕೆ ಒದೆಯುವ ನಾನು ಏಳನೆಯ ಸೆಕೆಂಡಿಗೆ ಗೋಡೆ ಹಿಡಿದೆ. ಕಣಕಾಲಿನ ಹೊರಬದಿಯ ಅಸ್ಥಿರಜ್ಜುಗಳು ಮೂಳೆಗಳನ್ನು ಕಟ್ಟಿಹಿಡಿಯುವುದಷ್ಟೇ ಅಲ್ಲ, ಪಾದ ಎತ್ತ ವಾಲುತ್ತಿದೆಯೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರತುದಿಗಳೂ ಅವುಗಳಲ್ಲಿದ್ದು, ಉಳುಕಿದಾಗ ಅವೂ ಘಾಸಿಗೊಳ್ಳುವುದರಿಂದ, ಹೊರಳುವ ಪಾದವನ್ನು ಹೊರಕ್ಕೆಳೆದು ಸರಿಪಡಿಸಬೇಕಾದ ಪೆರೋನಿಯಲ್ ಸ್ನಾಯುಗಳು ತಡವಾಗಿ ಎಚ್ಚೆತ್ತುಕೊಳ್ಳುತ್ತವೆ ಎಂದು ಅವರು ವಿವರಿಸಿದರು. ಬ್ರಿಟನ್ನಿನ ವೈದ್ಯ ಫ್ರೀಮನ್ ಮತ್ತು ಸಂಗಡಿಗರು 1965ರಲ್ಲೇ ಇಂಥ ವಿವರಣೆ ಕೊಟ್ಟು, ಅಲುಗಾಡುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸವನ್ನು ಮಾಡಿಸಿದ್ದರು. ನಮ್ಮ ಆಟದಲ್ಲಿ ತೊಡಕು ಇನ್ನೂ ಒಂದಿದೆ. ಒದೆಯುವಾಗ ಊರಿದ ಕಾಲು ಹಿಮ್ಮಡಿಯೆತ್ತಿ ಮುಂಗಾಲಿನ ಮೇಲೆ ತಿರುಗುತ್ತದೆ; ಕಣಕಾಲಿನ ಕೀಲಿನಲ್ಲಿ ಕೂರುವ ಟೇಲಸ್ ಎಂಬ ಪಾದದ ಮೂಳೆ ಮುಂದೆ ಅಗಲವಾಗಿಯೂ ಹಿಂದೆ ಕಿರಿದಾಗಿಯೂ ಇರುವುದರಿಂದ, ಹಿಮ್ಮಡಿ ಮೇಲೆದ್ದಾಗ ಆ ಕಿರಿದಾದ ಭಾಗವೇ ಕೀಲಿನೊಳಗೆ ಬಂದು ಹಿಡಿತ ಸಡಿಲವಾಗುತ್ತದೆ. ಒದೆಯುವ ಕಾಲನ್ನೇ ಇಷ್ಟು ವರ್ಷ ಸಾಕಿದ ನಾನು ಊರಿದ ಕಾಲಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಈಗಿನ ಮಾಸ್ಟರ್ ನಾಲ್ಕು ತಿಂಗಳು ನನ್ನಿಂದ ಒಂದೇ ಒಂದು ಒದೆತ ಹೊಡೆಸಲಿಲ್ಲ. ಸುರುಳಿ ಸುತ್ತಿದ ಮ್ಯಾಟಿನ ಮೇಲೆ ಒಂಟಿಕಾಲಿನಲ್ಲಿ ನಿಲ್ಲಿಸಿ, ಹಳದಿ ಬೆಲ್ಟಿನ ಮಕ್ಕಳ ಕೈಯಲ್ಲಿ ಟೆನಿಸ್ ಚೆಂಡು ಎಸೆಸುತ್ತಿದ್ದರು. ಆ ಮಕ್ಕಳು ಬೇಕೆಂದೇ ದೂರಕ್ಕೆ ಎಸೆಯುತ್ತಿದ್ದರು. ಆಗ ಬಂದ ಸಿಟ್ಟಿಗೆ ಅವರೆಲ್ಲರ ಕ್ಷಮೆ ಕೋರುತ್ತೇನೆ. ಅರಿಶಿನದ ಪಟ್ಟು ಹಾಕಿ, ಎಣ್ಣೆ ತಿಕ್ಕಲು ಬಂದು, ಬೇಡವೆಂದಾಗ ಬೇಸರಿಸದೆ ಹಿಂದೆ ಸರಿದ ಅಮ್ಮ, ನಾನು ಒಂಟಿಕಾಲಿನಲ್ಲಿ ಹಲ್ಲುಜ್ಜುವುದನ್ನು ಕಂಡು ದಿನವೂ "ಕೊಕ್ಕರೆ ಎದ್ದಿತೇ?" ಎನ್ನುತ್ತಿದ್ದರು.

ತಮ್ಮನ ಋಣ ಬೇರೆಯೇ. ಪಡಸಾಲೆಯ ನೆಲಕ್ಕೆ ಬಿಳಿ ಟೇಪಿನಿಂದ ಇಂಗ್ಲಿಷ್ ವೈ ಅಕ್ಷರದ ಆಕಾರ ಅಂಟಿಸಿ, ನಡುವೆ ಒಂದು ಕಾಲೂರಿ, ಇನ್ನೊಂದನ್ನು ಮೂರೂ ದಿಕ್ಕಿಗೆ ಎಷ್ಟು ದೂರ ಚಾಚಬಲ್ಲೆನೆಂದು ಅವನು ಹದಿನೈದು ದಿನಕ್ಕೊಮ್ಮೆ ಅಳೆಯುತ್ತಿದ್ದ. ಮೊದಲ ಅಳತೆಯಲ್ಲಿ ಮುಂದಿನ ದಿಕ್ಕಿಗೆ, ಬಲಗಾಲೂರಿದಾಗ 64 ಸೆಂ.ಮೀ. ಬಂದದ್ದು ಎಡಗಾಲೂರಿದಾಗ 57ಕ್ಕೇ ನಿಂತಿತ್ತು. ಊರಿದ ಹಿಮ್ಮಡಿ ಕೂದಲೆಳೆಯಷ್ಟು ಎದ್ದರೂ ಅವನು ನೆಲಕ್ಕೆ ಕೆನ್ನೆ ತಾಗಿಸಿ ನೋಡಿ "ಲೆಕ್ಕಕ್ಕಿಲ್ಲ, ಮತ್ತೆ ಮಾಡಕ್ಕ" ಎನ್ನುತ್ತಿದ್ದ. ಸ್ಪರ್ಧೆ ಮುಗಿದ ಮರುದಿನವೂ ಅಳತೆಪಟ್ಟಿ ಹಿಡಿದು ಬಂದ. ಎಡಗಾಲಿನದು ಅರವತ್ತೆರಡೂವರೆ. "ಇನ್ನೂ ಒಂದೂವರೆ ಬಾಕಿ" ಎಂದು ಕ್ಯಾಲೆಂಡರಿನಲ್ಲಿ ಬರೆದು, ಏಳತೊಡಗಿದ್ದ ಟೇಪಿನ ತುದಿಯನ್ನು ಮತ್ತೆ ನೆಲಕ್ಕೆ ಒತ್ತಿದ.