ಆನ್‌ಲೈನ್ ಭಾಷಾ ಕಲಿಕೆಗೆ ಒಡನಾಟ ಬೇಕು

ಮಾನ್ಯ ಸಂಪಾದಕರೇ,

ವಿದೇಶಿ ವಿಶ್ವವಿದ್ಯಾಲಯಗಳು ಆನ್‌ಲೈನ್‌ನಲ್ಲಿ ನಡೆಸುವ ಭಾಷಾ ಕೋರ್ಸ್‌ಗಳಿಗೆ ನಮ್ಮ ಕೊಡಗಿನ ಹಳ್ಳಿಗಳಿಂದಲೂ ಈಗ ಯುವಜನರು ಸೇರುತ್ತಿದ್ದಾರೆ. ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಬೇಕೆಂದಿರುವವರಿಗಂತೂ ಆ ದೇಶದ ಭಾಷೆ ಅನ್ನದ ಪ್ರಶ್ನೆಯೇ ಆಗಿದೆ. ಆದರೆ ಹೀಗೆ ಸೇರಿದವರಲ್ಲಿ ಹಲವರು ಎರಡು ಮೂರು ತಿಂಗಳಿಗೇ ಕೈಬಿಡುವುದನ್ನು ಕಂಡು, ನಿವೃತ್ತಿಯ ನಂತರ ಜರ್ಮನ್ ಕಲಿಯಲು ಹೊರಟ ಶಿಕ್ಷಕಿಯಾಗಿ ನನ್ನ ಅನುಭವವನ್ನು ತಮ್ಮ ಓದುಗರ ಮುಂದಿಡಬೇಕೆನಿಸಿತು.

ನಾನು ಮೊದಲು ಸೇರಿದ ಕೋರ್ಸಿನಲ್ಲಿ ಇದ್ದದ್ದು ವಿಡಿಯೊ ಪಾಠಗಳು ಮತ್ತು ಸರಿಯುತ್ತರ ಗುರುತಿಸುವ ಪರೀಕ್ಷೆಗಳು ಮಾತ್ರ. ನೂರಾರು ಸಹಪಾಠಿಗಳಿದ್ದರೂ ಒಬ್ಬರ ಪರಿಚಯವೂ ಆಗಲಿಲ್ಲ. ವ್ಯಾಕರಣ ಬಾಯಿಪಾಠವಾಯಿತು, ಮಾತು ಬರಲಿಲ್ಲ. ಮಳೆಗಾಲದಲ್ಲಿ ಒಂದು ವಾರ ಕರೆಂಟ್ ಹೋಗಿ ಪಾಠ ತಪ್ಪಿದಾಗ, ಏಕೆ ಕಾಣಲಿಲ್ಲವೆಂದು ಕೇಳುವವರೂ ಇಲ್ಲದೆ ಕಲಿಕೆ ಅಲ್ಲಿಗೇ ನಿಂತುಹೋಯಿತು.

ಎರಡನೆಯ ಕೋರ್ಸ್ ಬೇರೆ ರೀತಿಯದು. ಬೇರೆ ಬೇರೆ ದೇಶಗಳ ಐವರನ್ನು ಒಂದು ಗುಂಪು ಮಾಡಿ, ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಏನಾದರೊಂದನ್ನು ಮಾಡಿ, ನೋಡಿ, ಅದನ್ನು ಉಳಿದವರಿಗೆ ಜರ್ಮನ್‌ನಲ್ಲಿ ವಿವರಿಸಬೇಕೆಂದು ಹೇಳುತ್ತಿದ್ದರು. ಮಾರ್ಚ್ ತಿಂಗಳಲ್ಲಿ ನನ್ನ ಪಾಲಿಗೆ ಬಂದದ್ದು ಹವಾಮಾನ. ಪಕ್ಕದ ಕಾಫಿ ತೋಟಕ್ಕೆ ಹೋಗಿ, ಬೆಳೆಗಾರರನ್ನೂ ಕೆಲಸದವರನ್ನೂ ಕೇಳಿ ಬಂದು ಕಾಫಿ ಹೂ ಅರಳಿಸುವ ಹೂಮಳೆಯ ಬಗ್ಗೆ ಹೇಳಿದೆ. 'ಮಳೆ ಬಂದರೆ ಹೂ ಅರಳುತ್ತದೆ' ಎನ್ನಲು ಜರ್ಮನ್‌ನಲ್ಲಿ 'ವೆನ್' ಎಂದು ಆರಂಭಿಸಬೇಕು, ಆ ಉಪವಾಕ್ಯದಲ್ಲಿ ಕ್ರಿಯಾಪದ ನಮ್ಮ ಕನ್ನಡದಂತೆಯೇ ಕೊನೆಗೆ ಬರಬೇಕು. ಮಳೆ ಬಾರದಿದ್ದರೆ ಏನು ಮಾಡುತ್ತೀರಿ ಎಂದು ಜಪಾನಿನ ಸಹಪಾಠಿ ಕೇಳಿದರು. ಸ್ಪ್ರಿಂಕ್ಲರ್ ಹಾಕುತ್ತೇವೆ ಎಂದೆ. ಹೂ ಅರಳಿರುವಾಗಲೇ ಮತ್ತೆ ಮಳೆ ಹೊಡೆದರೆ? ಪರಾಗಸ್ಪರ್ಶ ಕೆಟ್ಟು ಫಸಲು ಕಡಿಮೆಯಾಗುತ್ತದೆ ಎಂದೆ. ಮೊದಲ ಕೋರ್ಸಿನಲ್ಲಿ ತಿಂಗಳುಗಟ್ಟಲೆ ತಿದ್ದಿದರೂ ಕೂರದಿದ್ದ ಆ ನಿಯಮ, ಅವರಿಗೆ ಉತ್ತರಿಸಲೇಬೇಕಾದ ಆ ಅರ್ಧ ಗಂಟೆಯಲ್ಲಿ ನಾಲಿಗೆಗೆ ಹತ್ತಿತು.

ಅನುಭವ, ಅದರ ಮೇಲಿನ ಚಿಂತನೆ, ಅದರಿಂದ ಹುಟ್ಟುವ ತಿಳಿವಳಿಕೆ, ಮತ್ತೆ ಪ್ರಯೋಗ ಎಂಬ ಕಲಿಕೆಯ ಚಕ್ರವನ್ನು ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲೇ ವಿವರಿಸಿದ್ದಾರೆ. 2001ರಲ್ಲಿ ಪ್ರಕಟವಾದ ಯುರೋಪಿನ ಆರು ಹಂತಗಳ ಭಾಷಾ ಚೌಕಟ್ಟು ಕೂಡ ಕಲಿಯುವವರು ಆ ಭಾಷೆಯಲ್ಲಿ ಏನು ಮಾಡಬಲ್ಲರು ಎಂಬುದನ್ನೇ ಅಳೆಯುತ್ತದೆ. ನಮಗೆ ಇದು ಹೊಸ ಮಾತೂ ಅಲ್ಲ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿ, ಮುಂದಿನ ದಶಕದಲ್ಲಿ ಕೊಡಗಿಗೂ ಬಂದು ನೆಲೆಸಿದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಕನ್ನಡವನ್ನು ಪಳಗಿಸಿಕೊಂಡದ್ದು ಇಲ್ಲಿನ ಜನರ ನಡುವೆ ಬದುಕಿ, ಅವರ ಗಾದೆಗಳನ್ನು ಕೇಳಿ ಬರೆದುಕೊಂಡು.

ಈಗ ಕಲಿಯುವವರಿಗೂ ಅಂಥ ಬಳಗ ಬೇಕು. ದೂರದ ಗುಂಪಿನ ಜೊತೆಗೆ ಹತ್ತಿರದ್ದೂ ಒಂದು ಇರಬೇಕು. ನಮ್ಮ ಮನೆಯ ಜಗಲಿಯಲ್ಲಿ ಸುತ್ತಲಿನ ನಾಲ್ವರು ವಾರಕ್ಕೊಮ್ಮೆ ಸೇರಲು ಆರಂಭಿಸಿದ ಮೇಲೆ ಯಾರೂ ಕೋರ್ಸ್ ಬಿಟ್ಟಿಲ್ಲ. ಎಲ್ಲರಿಗೂ ಇಂಥ ಜಗಲಿ ಸಿಗುವುದಿಲ್ಲವಾದ್ದರಿಂದ ನನ್ನ ಕೋರಿಕೆ ಎರಡು. 2023ರಲ್ಲಿ ಆರಂಭವಾದ ನಮ್ಮ ಕೊಡಗು ವಿಶ್ವವಿದ್ಯಾಲಯವು ಹೊರದೇಶದ ವಿಶ್ವವಿದ್ಯಾಲಯಗಳೊಡನೆ ಜೋಡಿ ಕಲಿಕೆಯನ್ನು ಏರ್ಪಡಿಸಲಿ. ಅರ್ಧ ಹೊತ್ತು ಅವರ ಭಾಷೆ, ಅರ್ಧ ಹೊತ್ತು ಕನ್ನಡ ಎಂದಾದರೆ ನಮ್ಮ ವಿದ್ಯಾರ್ಥಿಗಳು ಕಲಿಯುವವರೂ ಕಲಿಸುವವರೂ ಆಗುತ್ತಾರೆ. ನಮ್ಮ ಜಿಲ್ಲೆಯ ಮಾತುಗಳಾದ ಕೊಡವ ತಕ್ಕ್, ಅರೆಭಾಷೆಗಳಿಗೂ ಅಲ್ಲಿ ಎಡೆ ದೊರೆಯಬಹುದು. ಇನ್ನೊಂದು, ತಾಲ್ಲೂಕು ಕೇಂದ್ರಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇಂಟರ್ನೆಟ್ ಮತ್ತು ಯುಪಿಎಸ್ ಇರುವ ಒಂದು ಕೋಣೆಯನ್ನು ಇಂಥ ಕಲಿಕೆಗೆ ಬಿಟ್ಟುಕೊಡಬೇಕು. ಚಳಿಗಾಲದಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಒಂದೂವರೆಗೆ ತರಗತಿ ಆರಂಭವಾದರೆ ಇಲ್ಲಿ ಸಂಜೆ ಆರು. ವಾರಕ್ಕೆ ಎರಡು ದಿನ ಆ ಕೋಣೆ ರಾತ್ರಿ ಎಂಟರವರೆಗೆ ತೆರೆದಿದ್ದರೆ ಸಾಕು.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಸೋಮವಾರಪೇಟೆ ತಾಲ್ಲೂಕು, ಕೊಡಗು